ಫ್ರೆಡ್ಡಿ ಮರ್ಕ್ಯುರಿ

ಫ್ರೆಡ್ಡಿ ಮರ್ಕ್ಯುರಿ (ಜನ್ಮನಾಮ: ಫರೋಖ್ ಬಲ್ಸಾರಾ, 5 ಸೆಪ್ಟೆಂಬರ್ 1946 – 24 ನವೆಂಬರ್ 1991) ಬ್ರಿಟಿಷ್ ಗಾಯಕ, ಗೀತರಚನಕಾರ ಮತ್ತು ಪಿಯಾನೋ ವಾದಕ. ರಾಕ್ ಸಂಗೀತ ತಂಡವಾದ 'ಕ್ವೀನ್'ನ ಪ್ರಧಾನ ಗಾಯಕರಾಗಿ ವಿಶ್ವಖ್ಯಾತಿ ಗಳಿಸಿದರು. ಲಕ್ಷಾಂತರ ಜನರ ಎದುರು ನಿರ್ಭಯವಾಗಿ ಹಾಡುತ್ತಿದ್ದ ಇವರು ತಮ್ಮ ಮೂಲ, ಖಾಸಗಿ ಬದುಕು ಮತ್ತು ಕೊನೆಗಾಲದ ಕಾಯಿಲೆಯ ಕುರಿತು ಬಹಿರಂಗವಾಗಿ ಮಾತನಾಡಿದ್ದು ಅತಿ ವಿರಳ.

ಜನನ ಮತ್ತು ಬಾಲ್ಯ

ಮರ್ಕ್ಯುರಿ ಅಂದು ಬ್ರಿಟಿಷ್ ಆಶ್ರಿತ ರಾಜ್ಯವಾಗಿದ್ದ, ಇಂದು ಟಾಂಜಾನಿಯಾಕ್ಕೆ ಸೇರಿರುವ ಜಾಂಜಿಬಾರ್‌ನ ಸ್ಟೋನ್ ಟೌನ್‌ನಲ್ಲಿ ಜನಿಸಿದರು. ತಂದೆ ಬೋಮಿ, ತಾಯಿ ಜೇರ್, ತಂಗಿ ಕಶ್ಮೀರಾ. ಗುಜರಾತ್ ಮೂಲದ ಈ ಪಾರ್ಸಿ ಕುಟುಂಬದ ಮನೆತನದ ಹೆಸರು ಬುಲ್ಸಾರ್ (ಇಂದಿನ ವಲ್ಸಾಡ್) ಪಟ್ಟಣದಿಂದ ಬಂದುದು. ತಂದೆ ವಸಾಹತು ಆಡಳಿತದಲ್ಲಿ ಕ್ಯಾಷಿಯರ್ ಆಗಿದ್ದರು.

ಎಂಟನೆಯ ವಯಸ್ಸಿನಲ್ಲಿ ಬಾಲಕನನ್ನು ಮಹಾರಾಷ್ಟ್ರದ ಗಿರಿಧಾಮ ಪಂಚಗಣಿಯ ಸೇಂಟ್ ಪೀಟರ್ಸ್ ವಸತಿಶಾಲೆಗೆ ಕಳುಹಿಸಲಾಯಿತು. 'ಫ್ರೆಡ್ಡಿ' ಎಂಬ ಹೆಸರು ಬಂದದ್ದು ಅಲ್ಲಿಯೇ. ಪಿಯಾನೋ ಅಭ್ಯಾಸ ಮಾಡುತ್ತಿದ್ದ ಅವರು 1958ರಲ್ಲಿ ಸಹಪಾಠಿಗಳೊಡನೆ 'ದ ಹೆಕ್ಟಿಕ್ಸ್' ಎಂಬ ತಂಡ ಕಟ್ಟಿ, ಪಾಶ್ಚಾತ್ಯ ಜನಪ್ರಿಯ ಗೀತೆಗಳನ್ನು ನುಡಿಸುತ್ತಿದ್ದರು. ಹೆತ್ತವರಿಂದ ಸಮುದ್ರದಾಚೆ ಕಳೆದ ಈ ವರ್ಷಗಳು ಅವರ ಸಂಗೀತ ಜೀವನದ ಮೊದಲ ಘಟ್ಟ.

1963ರಲ್ಲಿ ಅವರು ಜಾಂಜಿಬಾರ್‌ಗೆ ಮರಳಿದರು. ಆದರೆ 1964ರ ಜನವರಿಯಲ್ಲಿ ಅಲ್ಲಿ ನಡೆದ ಕ್ರಾಂತಿಯಲ್ಲಿ ಅರಬರು ಮತ್ತು ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿ ಹತರಾದರು. ಬಲ್ಸಾರಾ ಕುಟುಂಬವು ದೇಶ ತೊರೆದು ಲಂಡನ್ ಸಮೀಪದ ಫೆಲ್ಟಮ್‌ನಲ್ಲಿ ನೆಲೆಸಿತು.

ಕ್ವೀನ್ ತಂಡದ ಉದಯ

ಮರ್ಕ್ಯುರಿ ಈಲಿಂಗ್ ಕಲಾ ಕಾಲೇಜಿನಲ್ಲಿ ಗ್ರಾಫಿಕ್ ವಿನ್ಯಾಸ ಕಲಿತು 1969ರಲ್ಲಿ ಡಿಪ್ಲೊಮಾ ಪಡೆದರು. ಜೀವನೋಪಾಯಕ್ಕಾಗಿ ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಹಳೆಯ ಉಡುಪುಗಳನ್ನು ಮಾರಿದರು; ಹೀಥ್ರೊ ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಕೆಲಸವನ್ನೂ ಮಾಡಿದರು. ಇದೇ ಅವಧಿಯಲ್ಲಿ ಹಲವು ಸಣ್ಣ ತಂಡಗಳಲ್ಲಿ ಹಾಡಿದರು.

ಗಿಟಾರ್ ವಾದಕ ಬ್ರಿಯಾನ್ ಮೇ ಮತ್ತು ಡ್ರಮ್ ವಾದಕ ರಾಜರ್ ಟೇಲರ್ ಅವರಿದ್ದ 'ಸ್ಮೈಲ್' ತಂಡದಿಂದ ಗಾಯಕ ಟಿಮ್ ಸ್ಟಾಫೆಲ್ ಹೊರನಡೆದಾಗ, 1970ರಲ್ಲಿ ಮರ್ಕ್ಯುರಿ ಆ ಸ್ಥಾನಕ್ಕೆ ಬಂದರು. ತಂಡಕ್ಕೆ 'ಕ್ವೀನ್' ಎಂದು ಹೆಸರಿಟ್ಟವರು ಅವರೇ. ಇದೇ ಸುಮಾರಿಗೆ ತಮ್ಮ ಉಪನಾಮವನ್ನು 'ಮರ್ಕ್ಯುರಿ' ಎಂದು ಬದಲಿಸಿಕೊಂಡರು. 1971ರಲ್ಲಿ ಬಾಸ್ ಗಿಟಾರ್ ವಾದಕ ಜಾನ್ ಡೀಕನ್ ಸೇರಿದ ಬಳಿಕ ತಂಡದ ಸ್ವರೂಪ ಇಪ್ಪತ್ತು ವರ್ಷ ಬದಲಾಗಲಿಲ್ಲ. ನಾಲ್ವರ ಜನ್ಮರಾಶಿಗಳನ್ನು ಸೂಚಿಸುವ ಎರಡು ಸಿಂಹ, ಒಂದು ಏಡಿ, ಇಬ್ಬರು ಕಿನ್ನರಿಯರು ಹಾಗೂ ಮೇಲೆ ರೆಕ್ಕೆ ಬಿಚ್ಚಿದ ಫೀನಿಕ್ಸ್ ಪಕ್ಷಿಯಿರುವ ತಂಡದ ಲಾಂಛನವನ್ನು ಮರ್ಕ್ಯುರಿಯೇ ರಚಿಸಿದರು.

ಮೊದಲ ಆಲ್ಬಂ 1973ರಲ್ಲಿ ಹೊರಬಂದಿತು. 1974ರಲ್ಲಿ ಮರ್ಕ್ಯುರಿ ರಚಿಸಿದ 'ಕಿಲ್ಲರ್ ಕ್ವೀನ್' ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ಸಂಗೀತ

ನಾಲ್ವರು ಸದಸ್ಯರೂ ಗೀತರಚನಕಾರರಾಗಿದ್ದುದು ಕ್ವೀನ್ ತಂಡದ ವೈಶಿಷ್ಟ್ಯ. ಹಾರ್ಡ್ ರಾಕ್, ಒಪೆರಾ, ಹಳೆಯ ರಂಗಗೀತೆ, ಫಂಕ್, ರಾಕಬಿಲಿ ಮುಂತಾದ ಶೈಲಿಗಳು ಅವರ ಆಲ್ಬಂಗಳಲ್ಲಿ ಅಕ್ಕಪಕ್ಕದಲ್ಲೇ ಇವೆ. ಒಂದೇ ಸ್ವರಭಾಗವನ್ನು ಮರಳಿ ಮರಳಿ ಹಾಡಿ, ಪದರದ ಮೇಲೆ ಪದರವಾಗಿ ಮುದ್ರಿಸಿ, ಕೆಲವೇ ಕಂಠಗಳಿಂದ ಬೃಹತ್ ವೃಂದಗಾನದ ಅನುಭವ ನೀಡುವುದು ತಂಡದ ಕ್ರಮವಾಗಿತ್ತು. ಮಾತನಾಡುವಾಗ ಮಂದ್ರವಾಗಿದ್ದ ಮರ್ಕ್ಯುರಿಯವರ ಕಂಠ ಹಾಡುವಾಗ ಸರಾಗವಾಗಿ ತಾರಸ್ಥಾಯಿಗೆ ಏರುತ್ತಿತ್ತು.

ಈ ವಿಧಾನದ ಪರಾಕಾಷ್ಠೆ 1975ರ 'ಎ ನೈಟ್ ಅಟ್ ದ ಒಪೆರಾ' ಆಲ್ಬಂನ 'ಬೊಹೀಮಿಯನ್ ರಾಪ್ಸಡಿ'. ಮರ್ಕ್ಯುರಿ ರಚಿಸಿದ, ಸುಮಾರು ಆರು ನಿಮಿಷಗಳ ಈ ಗೀತೆಯಲ್ಲಿ ಪಲ್ಲವಿಯೇ ಇಲ್ಲ. ವಾದ್ಯರಹಿತ ಗಾಯನದಿಂದ ಆರಂಭವಾಗಿ, ಪಿಯಾನೋ ಆಧಾರಿತ ಕಥನಗೀತೆ, ಗಿಟಾರ್ ವಾದನ, ಒಪೆರಾ ಮತ್ತು ಹಾರ್ಡ್ ರಾಕ್ ಭಾಗಗಳ ಮೂಲಕ ಸಾಗಿ ಅದು ಮೌನದಲ್ಲಿ ಕೊನೆಗೊಳ್ಳುತ್ತದೆ. ಒಪೆರಾ ಭಾಗದ ಎಲ್ಲ ಧ್ವನಿಗಳೂ ಮರ್ಕ್ಯುರಿ, ಮೇ ಮತ್ತು ಟೇಲರ್ ಅವರದೇ. ರೇಡಿಯೊ ಪ್ರಸಾರಕ್ಕೆ ಇಷ್ಟು ದೀರ್ಘ ಗೀತೆ ತಕ್ಕುದಲ್ಲವೆಂಬ ಆಕ್ಷೇಪವಿದ್ದರೂ ತಂಡ ಅದನ್ನು ಮೊಟಕುಗೊಳಿಸಲು ಒಪ್ಪಲಿಲ್ಲ. ಗೀತೆ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅದಕ್ಕಾಗಿ ತಯಾರಿಸಿದ ಕಿರುಚಿತ್ರ ಸಂಗೀತ ವಿಡಿಯೊಗಳ ಬೆಳವಣಿಗೆಗೆ ನಾಂದಿ ಹಾಡಿತು.

'ವಿ ಆರ್ ದ ಚಾಂಪಿಯನ್ಸ್' (1977) ಮತ್ತು 'ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್' (1979) ಮರ್ಕ್ಯುರಿಯವರ ಇತರ ಪ್ರಸಿದ್ಧ ರಚನೆಗಳು. ಸ್ಪ್ಯಾನಿಷ್ ಒಪೆರಾ ಗಾಯಕಿ ಮೊಂಟ್ಸೆರಾಟ್ ಕಬಾಯೆ ಅವರೊಂದಿಗೆ ಹಾಡಿದ 'ಬಾರ್ಸಿಲೋನಾ' ಆಲ್ಬಂ 1988ರಲ್ಲಿ ಬಿಡುಗಡೆಯಾಯಿತು.

ರಂಗಪ್ರದರ್ಶನಗಳು

ಆರಂಭದ ದಿನಗಳ ಪ್ರದರ್ಶನವೊಂದರಲ್ಲಿ ಮೈಕ್‌ನ ಸ್ಟ್ಯಾಂಡ್ ಮುರಿಯಿತು. ಕೈಗೆ ಬಂದ ಮೇಲಿನ ತುಂಡನ್ನೇ ಮರ್ಕ್ಯುರಿ ಮುಂದೆ ತಮ್ಮ ಗುರುತಾಗಿಸಿಕೊಂಡರು. 1981ರಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಒಂದೇ ರಾತ್ರಿ ಸುಮಾರು 1,31,000 ಪ್ರೇಕ್ಷಕರು ಸೇರಿದ್ದರು. ವರ್ಣಭೇದ ನೀತಿಯ ವಿರುದ್ಧ ಸಾಂಸ್ಕೃತಿಕ ಬಹಿಷ್ಕಾರ ಜಾರಿಯಲ್ಲಿದ್ದಾಗ, 1984ರಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಹಾಡಿದ್ದಕ್ಕಾಗಿ ತಂಡ ತೀವ್ರ ಟೀಕೆಗೆ ಒಳಗಾಯಿತು.

ಇಥಿಯೋಪಿಯಾದ ಕ್ಷಾಮ ಸಂತ್ರಸ್ತರ ನೆರವಿಗಾಗಿ 13 ಜುಲೈ 1985ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ 'ಲೈವ್ ಏಡ್' ಕಾರ್ಯಕ್ರಮದಲ್ಲಿ ಕ್ವೀನ್ ಸುಮಾರು 21 ನಿಮಿಷ ಹಾಡಿತು. ಟಿಕೆಟ್ ಕೊಂಡು ಬಂದವರು ಕೇವಲ ಕ್ವೀನ್ ತಂಡದ ಅಭಿಮಾನಿಗಳಾಗಿರಲಿಲ್ಲ; ಆದರೂ ಇಡೀ ಕ್ರೀಡಾಂಗಣ ಮರ್ಕ್ಯುರಿಯವರ ಆಲಾಪಕ್ಕೆ ಒಕ್ಕೊರಲಿನಿಂದ ಮಾರ್ದನಿಗೊಟ್ಟಿತು. ರಾಕ್ ಇತಿಹಾಸದ ಶ್ರೇಷ್ಠ ಪ್ರದರ್ಶನಗಳಲ್ಲಿ ಇದನ್ನು ಎಣಿಸಲಾಗುತ್ತದೆ. 9 ಆಗಸ್ಟ್ 1986ರಂದು ನೆಬ್‌ವರ್ತ್‌ನಲ್ಲಿ ನಡೆದ ಕಾರ್ಯಕ್ರಮವೇ ನಾಲ್ವರೂ ಒಟ್ಟಾಗಿ ನೀಡಿದ ಕೊನೆಯ ಪೂರ್ಣ ಪ್ರದರ್ಶನ.

ಅನಾರೋಗ್ಯ ಮತ್ತು ನಿಧನ

1987ರಲ್ಲಿ ಮರ್ಕ್ಯುರಿಯವರಿಗೆ ಎಚ್‌ಐವಿ ಸೋಂಕು ತಗುಲಿರುವುದು ದೃಢಪಟ್ಟಿತು. ಪರಿಣಾಮಕಾರಿ ಚಿಕಿತ್ಸೆ ಇಲ್ಲದಿದ್ದ, ಸೋಂಕಿತರನ್ನು ಸಮಾಜ ಕಳಂಕಿತರಂತೆ ಕಾಣುತ್ತಿದ್ದ ಕಾಲವದು. ಪತ್ರಿಕೆಗಳ ಊಹಾಪೋಹ ಹೆಚ್ಚಿದರೂ ಅವರು ವಿಷಯವನ್ನು ಆಪ್ತರಲ್ಲೇ ಉಳಿಸಿಕೊಂಡರು. ಪ್ರವಾಸ ನಿಂತಿತು, ಧ್ವನಿಮುದ್ರಣ ನಿಲ್ಲಲಿಲ್ಲ. 1989ರ ಆಲ್ಬಂನಿಂದ ನಾಲ್ವರೂ ಗೀತೆಗಳ ಕರ್ತೃತ್ವವನ್ನು ವೈಯಕ್ತಿಕವಾಗಿ ನಮೂದಿಸದೆ ತಂಡದ ಹೆಸರಿನಲ್ಲೇ ಹಂಚಿಕೊಂಡರು. 'ಇನ್ಯುಎಂಡೊ' ಆಲ್ಬಂ 1991ರ ಫೆಬ್ರವರಿಯಲ್ಲಿ ಬಂದಿತು. ಅದರ ಬಳಿಕವೂ ಅವರು ಸ್ವಿಟ್ಜರ್ಲೆಂಡ್‌ನ ಮಾಂಟ್ರೊದಲ್ಲಿ ಹಾಡುತ್ತಲೇ ಇದ್ದರು. ಆಗ ಮುದ್ರಿಸಿದ ಗಾಯನವನ್ನು ಉಳಿದ ಸದಸ್ಯರು 1995ರ 'ಮೇಡ್ ಇನ್ ಹೆವನ್' ಆಲ್ಬಂನಲ್ಲಿ ಬಳಸಿದರು.

23 ನವೆಂಬರ್ 1991ರಂದು ತಮಗೆ ಏಡ್ಸ್ ಇರುವುದನ್ನು ಪ್ರಕಟಣೆಯ ಮೂಲಕ ತಿಳಿಸಿದ ಮರ್ಕ್ಯುರಿ, ಮರುದಿನ ಸಂಜೆ ಕೆನ್ಸಿಂಗ್ಟನ್‌ನ ತಮ್ಮ ನಿವಾಸದಲ್ಲಿ ನ್ಯುಮೋನಿಯಾದಿಂದ ನಿಧನರಾದರು. ಆಗ ಅವರಿಗೆ 45 ವರ್ಷ. ಜೊರಾಸ್ಟ್ರಿಯನ್ ಪುರೋಹಿತರು ಅಂತ್ಯಕ್ರಿಯೆಯ ವಿಧಿಗಳನ್ನು ನೆರವೇರಿಸಿದರು. ಚಿತಾಭಸ್ಮವಿರುವ ಸ್ಥಳವನ್ನು ಬಹಿರಂಗಪಡಿಸಲಾಗಿಲ್ಲ.

ಸ್ಮರಣೆ

ಮರುಬಿಡುಗಡೆಯಾದ 'ಬೊಹೀಮಿಯನ್ ರಾಪ್ಸಡಿ' ಮತ್ತೊಮ್ಮೆ ಬ್ರಿಟನ್ನಿನಲ್ಲಿ ಅಗ್ರಸ್ಥಾನಕ್ಕೇರಿತು. ಅದರ ಆದಾಯ ಏಡ್ಸ್ ಸೇವಾಸಂಸ್ಥೆಗೆ ಸಂದಿತು. 20 ಏಪ್ರಿಲ್ 1992ರಂದು ವೆಂಬ್ಲಿಯಲ್ಲಿ ಸ್ಮರಣಾರ್ಥ ಕಾರ್ಯಕ್ರಮ ನಡೆಯಿತು. ಏಡ್ಸ್ ವಿರುದ್ಧದ ಕಾರ್ಯಕ್ಕೆ ನೆರವಾಗುವ 'ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್' ಸ್ಥಾಪನೆಯಾಯಿತು. 1996ರಲ್ಲಿ ಮಾಂಟ್ರೊದ ಸರೋವರದ ದಡದಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಲಾಯಿತು. 2001ರಲ್ಲಿ ಕ್ವೀನ್ ತಂಡಕ್ಕೆ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್'ನಲ್ಲಿ ಸ್ಥಾನ ದೊರೆಯಿತು. 2018ರಲ್ಲಿ ತೆರೆಕಂಡ 'ಬೊಹೀಮಿಯನ್ ರಾಪ್ಸಡಿ' ಚಲನಚಿತ್ರದಲ್ಲಿ ಮರ್ಕ್ಯುರಿಯವರ ಪಾತ್ರ ವಹಿಸಿದ ರಾಮಿ ಮಾಲೆಕ್ ಅತ್ಯುತ್ತಮ ನಟ ಆಸ್ಕರ್ ಪ್ರಶಸ್ತಿ ಪಡೆದರು.