ಗುರಿ ಮೊದಲು, ದಾರಿ ಅನಂತರ: ಮದರ್ ಆನ್ನಾ ಡೆಂಗಲ್

ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ತಂದೆತಾಯಂದಿರು ಮಕ್ಕಳನ್ನು ಕರೆದುಕೊಂಡು ಗುರುನಿವಾಸಕ್ಕೆ ಬರುವುದುಂಟು. ಮಗಳು ಡಾಕ್ಟರಾಗಬೇಕು, ಅದಕ್ಕಾಗಿ ಒಂದು ಪೂಜೆ ಅರ್ಪಿಸಬೇಕು ಎಂಬುದು ಅವರ ಕೋರಿಕೆ. ನಾವು ಸಂತೋಷದಿಂದಲೇ ಅರ್ಪಿಸುತ್ತೇವೆ. ಆದರೆ ಡಾಕ್ಟರಾಗುವುದು ಯಾರಿಗಾಗಿ ಎಂದು ಕೇಳಿದರೆ ಅನೇಕ ವೇಳೆ ಮಕ್ಕಳೂ ಹೆತ್ತವರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಂಡು, ಅನಂತರವೇ ದಾರಿಯನ್ನು ಹುಡುಕಿದ ತರುಣಿಯೊಬ್ಬರ ಜೀವನವನ್ನು ಈ ವಾರ ನಮ್ಮ ಓದುಗ ಕುಟುಂಬಗಳ ಮುಂದಿಡಲು ಬಯಸುತ್ತೇವೆ.

ಆನ್ನಾ ಡೆಂಗಲ್ ಅವರು 1892ರ ಮಾರ್ಚ್ 16ರಂದು ಆಸ್ಟ್ರಿಯ ದೇಶದ ಟಿರೋಲ್ ಪ್ರಾಂತದ ಸ್ಟೀಗ್ ಎಂಬ ಬೆಟ್ಟದ ಹಳ್ಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಬಾಲಕಿ ಹಾಲ್ ಪಟ್ಟಣದಲ್ಲಿ ಧರ್ಮಭಗಿನಿಯರ ಶಾಲೆಯಲ್ಲಿ ಓದಿದರು. ಶಾಲೆ ಮುಗಿದ ಮೇಲೆ ಫ್ರಾನ್ಸಿನ ಲಿಯಾನ್ ನಗರದಲ್ಲಿ ಕೆಲಕಾಲ ಜರ್ಮನ್ ಭಾಷೆಯನ್ನು ಕಲಿಸಿದರು. ಮುಂದೇನು ಎಂಬ ಪ್ರಶ್ನೆ ಇಂದಿನ ನಮ್ಮ ಮಕ್ಕಳನ್ನು ಕಾಡುವಂತೆ ಅವರನ್ನೂ ಕಾಡಿತು.

ಅದೇ ವೇಳೆಗೆ ಭಾರತಕ್ಕೆ ಮಹಿಳಾ ವೈದ್ಯರು ಬೇಕಾಗಿದ್ದಾರೆಂಬ ಕರೆಯೊಂದು ಅವರ ಗಮನಕ್ಕೆ ಬಂದಿತು. ಕರೆ ನೀಡಿದ್ದವರು ಸ್ಕಾಟ್ಲೆಂಡಿನ ಡಾ. ಆ್ಯಗ್ನೆಸ್ ಮೆಕ್‌ಲಾರೆನ್. ತಮ್ಮ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಪದವಿಯ ಬಾಗಿಲು ಮುಚ್ಚಿದ್ದುದರಿಂದ ಫ್ರಾನ್ಸಿನ ಮೊಂಪೆಲ್ಯೆಗೆ ಹೋಗಿ 1878ರಲ್ಲಿ ಪದವಿ ಪಡೆದವರು ಅವರು. ಬಹುಕಾಲದ ಅನಂತರ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವಿಭಜಿತ ಭಾರತದ ರಾವಲ್ಪಿಂಡಿಗೆ ಬಂದರು. ಅಲ್ಲಿ ಪರದೆಯೊಳಗಿನ ಮಹಿಳೆಯರು ಪುರುಷ ವೈದ್ಯರ ಮುಂದೆ ಬರುವಂತಿರಲಿಲ್ಲ. ಹೀಗಾಗಿ ಚಿಕಿತ್ಸೆ ಸಿಗಬಹುದಾಗಿದ್ದ ತಾಯಂದಿರೂ ಹಸುಗೂಸುಗಳೂ ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದರು. ಇವರಿಗಾಗಿ ಮೆಕ್‌ಲಾರೆನ್ ಅವರು ಸಂತ ಕ್ಯಾಥರಿನ್ ಆಸ್ಪತ್ರೆಯ ಸ್ಥಾಪನೆಗೆ ಕಾರಣರಾದರು.

ಈ ಸಂಗತಿಯನ್ನು ತಿಳಿದ ಆನ್ನಾ ಅವರಿಗೆ ತಮ್ಮ ಗುರಿ ಸ್ಪಷ್ಟವಾಯಿತು. ಅವರು ಮಾಡಿದ ಮೊದಲ ಕೆಲಸ ಡಾ. ಮೆಕ್‌ಲಾರೆನ್ ಅವರಿಗೆ ಪತ್ರ ಬರೆದು ಸಲಹೆ ಕೇಳಿದ್ದು. ಉತ್ತರ ಬಂದಿತು. ಇಲ್ಲಿ ನಮ್ಮ ತಂದೆತಾಯಂದಿರು ಗಮನಿಸಬೇಕಾದ ಅಂಶವಿದೆ. ಹಾಲ್ ಪಟ್ಟಣದ ಪಕ್ಕದಲ್ಲಿಯೇ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯವಿತ್ತು. ಆಸ್ಟ್ರಿಯದ ವೈದ್ಯಕೀಯ ವಿಭಾಗಗಳು 1900ರಿಂದಲೇ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದವು. ಮನೆಯ ಬಳಿ, ಮಾತೃಭಾಷೆಯಲ್ಲಿ ಓದುವುದು ಸುಲಭವಾಗಿತ್ತು. ಆದರೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದಲ್ಲಿ ವೃತ್ತಿ ನಡೆಸಲು ಬ್ರಿಟಿಷ್ ವ್ಯವಸ್ಥೆ ಮಾನ್ಯ ಮಾಡಿದ ಪದವಿ ಬೇಕಾಗಿತ್ತು. ಆದುದರಿಂದ ಐರ್ಲೆಂಡಿನ ಕಾರ್ಕ್ ನಗರದ ಯೂನಿವರ್ಸಿಟಿ ಕಾಲೇಜಿಗೆ ಸೇರಬೇಕೆಂಬುದು ಆ ಹಿರಿಯರ ಸಲಹೆಯಾಗಿತ್ತು.

ಗುರಿಯು ಸಂಕಲ್ಪದಲ್ಲಿ ಮೊದಲನೆಯದು, ಸಿದ್ಧಿಯಲ್ಲಿ ಕೊನೆಯದು ಎಂಬ ತತ್ತ್ವವನ್ನು ನಾವು ಗುರುಮಠದಲ್ಲಿ ಕಲಿತೆವು. ಇದನ್ನು ಆನ್ನಾ ಅವರು ಬದುಕಿನಲ್ಲಿ ಆಚರಿಸಿದರು. ರಾವಲ್ಪಿಂಡಿಯ ರೋಗಿಯ ಹಾಸಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರು: ಅಲ್ಲಿಗೆ ಯಾವ ಪದವಿ ಬೇಕು, ಆ ಪದವಿಗೆ ಯಾವ ಕಾಲೇಜು, ಆ ಕಾಲೇಜಿಗೆ ಯಾವ ಭಾಷೆ ಮತ್ತು ಯಾವ ಸಿದ್ಧತೆ. ನಾವಾದರೋ ಸಾಮಾನ್ಯವಾಗಿ ಸೀಟು ಎಲ್ಲಿ ಸಿಕ್ಕೀತು ಎಂಬುದರಿಂದ ಆರಂಭಿಸುತ್ತೇವೆ.

ದಾರಿ ಸುಗಮವಾಗಿರಲಿಲ್ಲ. ಡಾ. ಮೆಕ್‌ಲಾರೆನ್ ಅವರು 1913ರ ಏಪ್ರಿಲ್ 17ರಂದು ನಿಧನರಾದರು. ಮಾರ್ಗದರ್ಶಕಿಯ ಮುಖವನ್ನು ಶಿಷ್ಯೆ ಒಮ್ಮೆಯೂ ಕಾಣಲಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾಗಿ, ಆಸ್ಟ್ರಿಯದವರಾದ ಆನ್ನಾ ಅವರು ಬ್ರಿಟಿಷ್ ಆಳ್ವಿಕೆಯ ಐರ್ಲೆಂಡಿನಲ್ಲಿ ಶತ್ರುದೇಶದ ಪ್ರಜೆ ಎನಿಸಿಕೊಂಡರು. ಪರಭಾಷೆಯಲ್ಲಿ, ಸ್ವಂತ ಮನೆಯಿಂದ ದೂರದಲ್ಲಿ, ಯುದ್ಧದ ವರ್ಷಗಳನ್ನೆಲ್ಲ ಅವರು ಪಾಠ ಮತ್ತು ಪರೀಕ್ಷೆಗಳಲ್ಲಿ ಕಳೆದರು. 1919ರಲ್ಲಿ ಪದವಿ ಪಡೆದರು. ಆಗಲೂ ಭಾರತಕ್ಕೆ ಹೋಗುವ ಅನುಮತಿ ಕೂಡಲೇ ದೊರೆಯಲಿಲ್ಲ. ಕಾಯುವ ಕಾಲವನ್ನು ವ್ಯರ್ಥ ಮಾಡದೆ ಇಂಗ್ಲೆಂಡಿನಲ್ಲಿ ಸಹಾಯಕ ವೈದ್ಯೆಯಾಗಿ ದುಡಿದು ಅನುಭವ ಗಳಿಸಿ, 1920ರಲ್ಲಿ ರಾವಲ್ಪಿಂಡಿಯನ್ನು ಸೇರಿದರು.

ಅದೇ 1920ರಲ್ಲಿ ಆಸ್ಟ್ರೇಲಿಯದ ಡಾ. ಮೇರಿ ಗ್ಲೌರಿಯವರು ಗುಂಟೂರಿಗೆ ಬಂದರು. ಅವರಿಗೂ ಪ್ರೇರಣೆಯಾದದ್ದು ಮೆಕ್‌ಲಾರೆನ್ ಅವರ ಜೀವನವೇ. ಧರ್ಮಭಗಿನಿಯಾಗಿ ದುಡಿದ ಅವರು 1957ರಲ್ಲಿ ನಮ್ಮ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಒಬ್ಬರ ನಿಷ್ಠೆ ಎಷ್ಟು ದೀಪಗಳನ್ನು ಹಚ್ಚಬಲ್ಲದು!

ರಾವಲ್ಪಿಂಡಿಯ ನಾಲ್ಕು ವರ್ಷಗಳ ದುಡಿಮೆ ಆನ್ನಾ ಅವರನ್ನು ಬಳಲಿಸಿತು. ರೋಗಿಗಳು ಅಸಂಖ್ಯಾತರು, ಕೈಗಳು ಎರಡೇ. ಅವರ ಅಂತರಂಗದಲ್ಲಿ ಧಾರ್ಮಿಕ ಜೀವನದ ಕರೆಯೂ ಇತ್ತು. ಆದರೆ ಎರಡನ್ನೂ ಕೂಡಿಸಲು ಹಾದಿಯಿರಲಿಲ್ಲ. ಗುರುಗಳು ಶಸ್ತ್ರಚಿಕಿತ್ಸೆ ಮಾಡಬಾರದೆಂದು 1215ರ ಲ್ಯಾಟರನ್ ಮಹಾಸಭೆ ವಿಧಿಸಿತ್ತು. 1917ರ ಧರ್ಮಸಭಾ ಕಾನೂನು ಕೂಡ ವಿಶೇಷ ಅನುಮತಿಯಿಲ್ಲದೆ ಗುರುಗಳೂ ಸನ್ಯಾಸಿಗಳೂ ವೈದ್ಯವೃತ್ತಿ ನಡೆಸುವುದನ್ನು ನಿಷೇಧಿಸಿತ್ತು. ಕನ್ಯಾಸ್ತ್ರೀಯಾದರೆ ವೈದ್ಯವೃತ್ತಿಯನ್ನು ಬಿಡಬೇಕು, ವೈದ್ಯೆಯಾಗಿಯೇ ಉಳಿದರೆ ವ್ರತಗಳನ್ನು ಸ್ವೀಕರಿಸುವಂತಿಲ್ಲ.

ಅವರು ದಂಗೆ ಏಳಲಿಲ್ಲ, ಕೈಚೆಲ್ಲಿ ಕೂಡಲೂ ಇಲ್ಲ. ಅಮೆರಿಕಕ್ಕೆ ತೆರಳಿ, 1925ರ ಸೆಪ್ಟೆಂಬರ್ 30ರಂದು ವಾಷಿಂಗ್ಟನ್ ನಗರದಲ್ಲಿ ಮೂವರು ಸಂಗಾತಿಗಳೊಡನೆ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಭೆಗೆ ಅಡಿಗಲ್ಲಿಟ್ಟರು. ಬಹಿರಂಗ ವ್ರತಗಳಿಲ್ಲದೆಯೇ ಧರ್ಮಭಗಿನಿಯರಂತೆ ಬಾಳುತ್ತಾ ಅನುಮತಿಗಾಗಿ ತಾಳ್ಮೆಯಿಂದ ಕಾದರು. 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನದಂದೇ, ಧರ್ಮಭಗಿನಿಯರು ವೈದ್ಯಕೀಯ ಹಾಗೂ ಹೆರಿಗೆ ಸೇವೆಯನ್ನು ಕೈಗೊಳ್ಳಲು ರೋಮ್ ಸಮ್ಮತಿ ನೀಡಿತು. ರಾವಲ್ಪಿಂಡಿಯಲ್ಲಿ, ಮುಂದೆ ಪಾಟ್ನಾ ಹಾಗೂ ದೆಹಲಿಯಲ್ಲಿ ಈ ಸಭೆಯು ಪವಿತ್ರ ಕುಟುಂಬದ ಹೆಸರಿನ ಆಸ್ಪತ್ರೆಗಳನ್ನು ಕಟ್ಟಿತು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಧರ್ಮಭಗಿನಿಯರೇ ಡಾಕ್ಟರಾಗಿರುವುದು ನಮಗೆ ಸಹಜವೆನಿಸುತ್ತದೆ. ಅದರ ಹಿಂದಿರುವ ಕಾಯುವಿಕೆಯನ್ನು ನಾವು ಮರೆಯಬಾರದು.

ಇನ್ನೊಂದು ಮಾತು. ಸಭೆಯನ್ನು ಆರಂಭಿಸಿದ ನಾಲ್ವರಲ್ಲಿ ಇಬ್ಬರು ವೈದ್ಯೆಯರು, ಇಬ್ಬರು ದಾದಿಯರು. ಡಾಕ್ಟರರ ಬುದ್ಧಿಯೊಂದರಿಂದಲೇ ಆಸ್ಪತ್ರೆ ನಡೆಯುವುದಿಲ್ಲ. ವೈದ್ಯಕೀಯ ಸೀಟು ದೊರೆಯದ ಮಗಳನ್ನು ಸೋತವಳೆಂದು ಕಾಣುವ ಮನೆಗಳನ್ನು ನೋಡಿದಾಗ ನಮ್ಮ ಮನಸ್ಸು ನೋಯುತ್ತದೆ. ರೋಗಿಯ ಸೇವೆಯೇ ಗುರಿಯಾದಲ್ಲಿ ಒಂದು ಬಾಗಿಲು ಮುಚ್ಚಿದರೂ ಗುರಿ ಅಳಿಯದು. ನರ್ಸಿಂಗ್, ಔಷಧಶಾಸ್ತ್ರ, ಪ್ರಯೋಗಾಲಯದ ಕೆಲಸ ಎಲ್ಲವೂ ಆ ಹಾಸಿಗೆಯ ಬಳಿಗೇ ಕರೆದೊಯ್ಯುತ್ತವೆ. ಗೌರವವೊಂದೇ ಗುರಿಯಾಗಿದ್ದರೆ ಸೀಟು ಸಿಕ್ಕಿದರೂ ಮಗು ದಾರಿ ತಪ್ಪೀತು.

ಮದರ್ ಆನ್ನಾ ಡೆಂಗಲ್ ಅವರು 1980ರ ಏಪ್ರಿಲ್ 17ರಂದು ರೋಮ್ ನಗರದಲ್ಲಿ, ತಮ್ಮ 88ನೆಯ ವಯಸ್ಸಿನಲ್ಲಿ ದೈವಾಧೀನರಾದರು. ತಾವು ಕಾಣದ ಗುರುವಿನ ಪುಣ್ಯದಿನದಂದೇ ಅವರ ಯಾತ್ರೆಯೂ ಮುಗಿಯಿತು. ಮಗಳ ಅರ್ಜಿಯನ್ನು ತುಂಬುವ ಮುನ್ನ, ಒಂದು ಸಂಜೆ ಮನೆಯಲ್ಲಿ ಜಪಸರ ಮುಗಿದ ಮೇಲೆ, ಯಾರಿಗಾಗಿ ಎಂಬ ಪ್ರಶ್ನೆಯನ್ನು ತಂದೆತಾಯಂದಿರು ಮಕ್ಕಳೊಡನೆ ಕುಳಿತು ಆಲೋಚಿಸಲಿ ಎಂಬುದು ನಮ್ಮ ಹಾರೈಕೆ.