ಟೊಲ್‌ಪಡಲ್ ಗ್ರಾಮದ ಜಾರ್ಜ್ ಲವ್‌ಲೆಸ್

ಇಂಗ್ಲೆಂಡ್ ದೇಶದ ಡಾರ್ಸೆಟ್ ಸೀಮೆಯಲ್ಲಿ ಟೊಲ್‌ಪಡಲ್ ಎಂಬ ಹಳ್ಳಿಯುಂಟು. ಅಲ್ಲಿಯ ಮಣ್ಣುಗೋಡೆಯ ಚಿಕ್ಕ ಕಟ್ಟಡವೊಂದು ಬಹುಕಾಲ ಒಕ್ಕಲುತನದ ಕೊಟ್ಟಿಗೆಯಾಗಿತ್ತು. ಅದಕ್ಕೆ ಮುಂಚೆ ಅದು ಮೆಥೊಡಿಸ್ಟರ ದೇವಾಲಯ. ವೆಸ್ಲಿಯನ್ ಮಿಷನರಿಗಳು ನಮ್ಮ ಬೆಂಗಳೂರಿಗೆ ಬಂದದ್ದು 1821ರಲ್ಲಿ. ಅದಕ್ಕೆ ಮೂರು ವರುಷ ಮೊದಲೇ, 1818ರಲ್ಲಿ, ಆ ಊರಿನ ಬಡ ವಿಶ್ವಾಸಿಗಳು ಅದನ್ನು ಕಟ್ಟಿಕೊಂಡಿದ್ದರು. ಆ ಊರಿನ ಪ್ರಸಂಗಿಯಾದ ಜಾರ್ಜ್ ಲವ್‌ಲೆಸನ ಚರಿತ್ರೆಯನ್ನು ಈ ತಿಂಗಳು ನಮ್ಮ ಪ್ರಿಯ ವಾಚಕರ ಮುಂದಿಡುತ್ತೇವೆ.

ಇವನು 1797ರಲ್ಲಿ ಹುಟ್ಟಿದನು. ಪರರ ಹೊಲದಲ್ಲಿ ನೇಗಿಲು ಹೊಡೆಯುವದೇ ಇವನ ಕಸುಬು. ದುಡಿಮೆಯ ನಡುವೆ ತಾನೇ ಓದು ಕಲಿತು, ಅರೆಹೊಟ್ಟೆಯ ಸಂಪಾದನೆಯಲ್ಲಿಯೂ ದೈವಜ್ಞಾನದ ಕೆಲವು ಪುಸ್ತಕಗಳನ್ನು ಕೂಡಿಸಿಕೊಂಡನು. ವಾರವೆಲ್ಲಾ ಉತ್ತು, ಕರ್ತನ ದಿನದಲ್ಲಿ ಸಂಬಳವಿಲ್ಲದೆ ವಾಕ್ಯವನ್ನು ಸಾರುತ್ತಿದ್ದನು. ಎಲಿಜಬೆತ್ ಎಂಬಾಕೆ ಇವನ ಹೆಂಡತಿ, ಮೂವರು ಮಕ್ಕಳು.

ಸುತ್ತಲಿನ ಊರುಗಳಲ್ಲಿ ವಾರದ ಕೂಲಿ ಹತ್ತು ಶಿಲಿಂಗು ಇದ್ದಾಗ ಟೊಲ್‌ಪಡಲಿನ ಯಜಮಾನರು ಒಂಬತ್ತು ಕೊಟ್ಟರು. ಬಳಿಕ ಅದನ್ನು ಎಂಟಕ್ಕೆ, ಏಳಕ್ಕೆ ಇಳಿಸಿ, ಇನ್ನು ಮುಂದೆ ಆರೇ ಎಂದು ತಿಳಿಸಿದರು. ಹೆಂಡತಿಮಕ್ಕಳುಳ್ಳ ಮನುಷ್ಯನು ಅಷ್ಟರಲ್ಲಿ ರೊಟ್ಟಿ ಕೊಂಡು, ಬಾಡಿಗೆ ಕೊಟ್ಟು, ಚಳಿಗೆ ಸೌದೆ ತರುವದು ಹೇಗೆ? ಇದರ ಲೆಕ್ಕವನ್ನು ನಮ್ಮ ವಾಚಕರಲ್ಲಿ ಅನೇಕರು ನಮಗಿಂತ ಚೆನ್ನಾಗಿ ಬಲ್ಲರು. ಊರಿನ ಪಾದ್ರಿಯ ಎದುರಿನಲ್ಲಿಯೇ ಕೂಲಿಯ ಮಾತು ತೀರ್ಮಾನವಾಗಿತ್ತೆಂದೂ, ಆಮೇಲೆ ಆ ಪಾದ್ರಿಯೇ ಅದನ್ನು ಅಲ್ಲಗಳೆದನೆಂದೂ ಲವ್‌ಲೆಸನು ಬರೆದಿದ್ದಾನೆ. ದೇವರ ಸೇವಕನೆನಿಸಿಕೊಂಡವನ ಈ ನಡತೆಯನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ.

1833ರಲ್ಲಿ ಲವ್‌ಲೆಸನು ಕೂಲಿಯವರನ್ನು ಒಂದು ಸಂಘವಾಗಿ ಕೂಡಿಸಿದನು. ಯಾರನ್ನೂ ಹೊಡೆಯಲಿಲ್ಲ, ಯಾವ ಬಣವೆಗೂ ಬೆಂಕಿಯಿಡಲಿಲ್ಲ. ಸಂಘ ಕಟ್ಟುವದು 1824ರಿಂದ ಅಪರಾಧವೂ ಆಗಿರಲಿಲ್ಲ. ಆದರೆ ಸೇರುವವರ ಕಣ್ಣುಕಟ್ಟಿ ಗುಟ್ಟಿನ ಪ್ರಮಾಣ ಮಾಡಿಸುತ್ತಿದ್ದರು. ಇದು ಅವಿವೇಕವೆಂದೇ ನಮ್ಮ ಅಭಿಪ್ರಾಯ. ನೌಕಾದಳದ ದಂಗೆಯನ್ನು ಅಡಗಿಸಲು 1797ರಲ್ಲಿ ಮಾಡಿದ್ದ ಕಾಯಿದೆಯೊಂದನ್ನು ಅಧಿಕಾರಿಗಳು ಹುಡುಕಿ ತೆಗೆದು, ಆ ಪ್ರಮಾಣದ ನೆಪದಿಂದ ಇವರನ್ನು ಹಿಡಿದರು.

1834ನೆಯ ಫೆಬ್ರವರಿ 24ರ ಬೆಳಿಗ್ಗೆ ಲವ್‌ಲೆಸನು ಕೆಲಸಕ್ಕೆ ಹೊರಟಾಗ ಊರ ಕಾವಲುಗಾರನು ವಾರಂಟು ತೋರಿಸಿದನು. ಅವನೂ, ತಮ್ಮನಾದ ಜೇಮ್ಸನೂ, ಭಾವನಾದ ಥಾಮಸ್ ಸ್ಟ್ಯಾಂಡ್‌ಫೀಲ್ಡನೂ, ಅವನ ಮಗ ಜಾನನೂ, ಜೇಮ್ಸ್ ಹ್ಯಾಮೆಟನೂ, ಜೇಮ್ಸ್ ಬ್ರೈನನೂ ಏಳು ಮೈಲು ನಡೆದು ಡಾರ್ಚೆಸ್ಟರ್ ಪಟ್ಟಣದ ಸೆರೆಮನೆಯನ್ನು ಸೇರಿದರು. ಆರು ಮಂದಿಯಲ್ಲಿ ಐವರು ಮೆಥೊಡಿಸ್ಟರು. ಮಾರ್ಚಿಯಲ್ಲಿ ಎಲ್ಲರಿಗೂ ಏಳು ವರುಷದ ದ್ವೀಪಾಂತರ ಶಿಕ್ಷೆಯಾಯಿತು. ಹಿಂದೆ ಉಳಿದ ಹೆಂಗಸರು ಊರಿನ ಬಡವರ ನಿಧಿಯಿಂದ ಸಹಾಯ ಬೇಡಿದಾಗ ಅದೂ ದೊರೆಯಲಿಲ್ಲ.

ಲವ್‌ಲೆಸನು ಸೆರೆಯಲ್ಲಿ ಕಾಯಿಲೆ ಬಿದ್ದದ್ದರಿಂದ ಮಿಕ್ಕವರು ಮುಂದಾಗಿ ಆಸ್ಟ್ರೇಲಿಯಕ್ಕೆ ಹೋದರು. ಇವನು ಬೇರೆ ಹಡಗಿನಲ್ಲಿ ಸೆಪ್ಟೆಂಬರಿನಲ್ಲಿ ಟಾಸ್ಮೇನಿಯ ದ್ವೀಪವನ್ನು ಮುಟ್ಟಿ, ಸಂಕೋಲೆಯವರ ಗುಂಪಿನೊಡನೆ ರಸ್ತೆಯಲ್ಲಿಯೂ, ಬಳಿಕ ಸರಕಾರದ ಹೊಲದಲ್ಲಿಯೂ ದುಡಿದನು.

ಇತ್ತ ಲಂಡನಿನಲ್ಲಿ ಸಾವಿರಾರು ಕೆಲಸಗಾರರು ಮೆರವಣಿಗೆ ಮಾಡಿ, ಎರಡು ಲಕ್ಷಕ್ಕೆ ಮೇಲ್ಪಟ್ಟು ರುಜುಗಳುಳ್ಳ ಮನವಿಯನ್ನು ಒಯ್ದರು. 1836ರಲ್ಲಿ ಪೂರ್ಣ ಕ್ಷಮೆಯ ಆಜ್ಞೆಯಾಯಿತು. 1837ನೆಯ ಜೂನಿನಲ್ಲಿ ಲವ್‌ಲೆಸನು ಸ್ವದೇಶಕ್ಕೆ ಬಂದು ತನ್ನ ಕಷ್ಟಗಳನ್ನು ಒಂದು ಚಿಕ್ಕ ಪುಸ್ತಕವಾಗಿ ಅಚ್ಚುಹಾಕಿಸಿದನು. ಕೆಲವು ಕಾಲ ಎಸೆಕ್ಸ್ ಸೀಮೆಯಲ್ಲಿ ಬೇಸಾಯಮಾಡಿ, 1844ರಲ್ಲಿ ಕುಟುಂಬದೊಡನೆ ಕೆನಡಕ್ಕೆ ಹೋದನು. ಅಲ್ಲಿ ಸ್ವಂತ ಭೂಮಿಯನ್ನು ಉತ್ತನು. ಮೆಥೊಡಿಸ್ಟ್ ಸಭೆಯನ್ನು ಮಾತ್ರ ಬಿಡಲಿಲ್ಲ. ತಾನು ಸೆರೆಯಾಳಾಗಿದ್ದ ಸಂಗತಿಯನ್ನು ಅಲ್ಲಿಯವರೊಡನೆ ಆಡುತ್ತಿರಲಿಲ್ಲವಂತೆ.

ಟೊಲ್‌ಪಡಲಿನ ಹಳೆಯ ದೇವಾಲಯದಲ್ಲಿ 1840ರ ದಶಕದಲ್ಲಿ ಆರಾಧನೆ ನಿಂತು, ಹೋಗಿಬರುವವರಿಗೆ ಅದು ದೇವಾಲಯವಾಗಿತ್ತೆಂಬ ಗುರುತೇ ಸಿಕ್ಕದಂತಾಯಿತು. ಈಚೆಗೆ ಒಂದು ಧರ್ಮಸಂಸ್ಥೆಯವರು ಅದನ್ನು ಕೊಂಡು ಉಳಿಸಿದ್ದಾರೆ. ಲವ್‌ಲೆಸನು 1874ರಲ್ಲಿ ಕೆನಡದಲ್ಲಿ ಕರ್ತನಲ್ಲಿ ನಿದ್ರೆಹೋದನು. ಆಂಟೇರಿಯೊ ಪ್ರಾಂತದ ಲಂಡನ್ ಪಟ್ಟಣದ ಬಳಿ, ಸಿಲೋವಾಮ್ ಎಂಬ ಸ್ಮಶಾನಭೂಮಿಯಲ್ಲಿ ಅವನ ಸಮಾಧಿಯುಂಟು.