ನೂಲಿನ ಎಳೆಯಿಂದ ಹ್ಯಾಶ್ ಟೇಬಲ್‌ವರೆಗೆ

ಪೈಥಾನ್ ಡಿಕ್ಷನರಿಯಲ್ಲಿರೋ ಕೀ-ವ್ಯಾಲ್ಯೂ ಜೋಡಿಗಳನ್ನೆಲ್ಲ ನೋಡಬೇಕಂದ್ರೆ ಐಟಮ್ಸ್ ಅಂತ ಕರೆದು ಒಂದು ಫಾರ್ ಲೂಪ್ ಹಾಕ್ತೀವಿ, ಅಷ್ಟೇ. ಆ ಡಿಕ್ಷನರಿಯ ಹೊಟ್ಟೆಯೊಳಗೆ ಇರೋದು ಹ್ಯಾಶ್ ಟೇಬಲ್. ಅದನ್ನ ಮೊದಲು ಯೋಚಿಸಿದವರಲ್ಲಿ ಒಬ್ಬರು ಬಟ್ಟೆ ವ್ಯಾಪಾರದಿಂದ ಬಂದವರು ಅಂದ್ರೆ ನಂಬ್ತೀರಾ?

ಹ್ಯಾನ್ಸ್ ಪೀಟರ್ ಲೂನ್ 1896ರಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಹುಟ್ಟಿದರು. ತಂದೆ ಮುದ್ರಣದ ಕೆಲಸದವರು. ಲೂನ್ ಮೊದಲ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದರು, ಆಮೇಲೆ ಬಟ್ಟೆ ಉದ್ಯಮ ಸೇರಿ ಅಮೆರಿಕಕ್ಕೆ ಹೋದರು. ಅಲ್ಲಿ ಅವರು ಮಾಡಿದ ಲೂನೋಮೀಟರ್ ಅನ್ನೋ ಗೆರೆಪಟ್ಟಿಯನ್ನ ಬಟ್ಟೆ ಮೇಲಿಟ್ಟರೆ ಇಂಚಿಗೆ ಎಷ್ಟು ಎಳೆ ಅಂತ ಗೊತ್ತಾಗುತ್ತೆ. ಐಬಿಎಂ ಸೇರಿದ್ದು 1941ರಲ್ಲಿ, ನಲವತ್ತು ದಾಟಿದ ಮೇಲೆ.

1953ರ ಜನವರಿಯಲ್ಲಿ ಕಂಪನಿಯ ಒಳಗೆ ಒಂದು ಟಿಪ್ಪಣಿ ಬರೆದರು. ಸಾವಿರಾರು ಫೋನ್ ನಂಬರ್‌ಗಳಲ್ಲಿ ಒಂದನ್ನ ಹುಡುಕೋಕೆ ಮೊದಲಿಂದ ಕೊನೆವರೆಗೂ ಯಾಕೆ ನೋಡಬೇಕು? 1234567890 ಅನ್ನೋ ನಂಬರನ್ನೇ ತಗೊಳ್ಳಿ. ಎರಡೆರಡು ಅಂಕಿ ಕೂಡಿಸಿದರೆ 3, 7, 11, 15, 9. ಹತ್ತರ ಸ್ಥಾನ ಬಿಟ್ಟರೆ 37159. ಆ ಸಂಖ್ಯೆಯ ಬಕೆಟ್‌ಗೆ ಹಾಕಿ. ಹುಡುಕೋವಾಗ ಅದೇ ಲೆಕ್ಕ ಮಾಡಿ ನೇರ ಅದೇ ಬಕೆಟ್‌ಗೆ ಹೋಗಿ. ಒಂದೇ ಬಕೆಟ್‌ಗೆ ನಾಲ್ಕು ನಂಬರ್ ಬಿದ್ದರೂ ಆ ನಾಲ್ಕನ್ನ ಮಾತ್ರ ನೋಡಿದರೆ ಸಾಕು.

ಹುಡುಕೋದೇನೋ ಸುಲಭವಾಯ್ತು, ಆದರೆ ಪಟ್ಟಿ ಮಾಡೋಕೆ ಹೋದರೆ ಎಲ್ಲ ಚೆಲ್ಲಾಪಿಲ್ಲಿ. ಹಳೇ ಪೈಥಾನ್‌ನಲ್ಲಿ ಹೀಗೇ ಆಗ್ತಿತ್ತು: ನಾವು ಹಾಕಿದ ಕ್ರಮ ಒಂದು, ಪ್ರಿಂಟ್ ಆಗೋ ಕ್ರಮ ಇನ್ನೊಂದು. ಹಾಕಿದ ಕ್ರಮದಲ್ಲೇ ಬರುತ್ತೆ ಅನ್ನೋ ಖಾತ್ರಿ ಸಿಕ್ಕಿದ್ದು 2018ರ 3.7ರಲ್ಲಿ. ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್‌ನ ಎಂಟ್ರೀಸ್ ಕೇಳಿದರೆ ಇವತ್ತಿಗೂ ಪೂರ್ಣಾಂಕದ ಕೀಗಳು ಏರಿಕೆ ಕ್ರಮದಲ್ಲಿ ಮುಂದೆ ಬಂದು ನಿಲ್ಲುತ್ತವೆ. ಲ್ಯಾಬ್‌ನಲ್ಲಿ ಔಟ್‌ಪುಟ್ ನೋಡಿ ನನ್ನ ಕೋಡೇ ತಪ್ಪು ಅಂದ್ಕೊಂಡಿದ್ದೆ.

ಕ್ರಮವಾಗಿ ಪಟ್ಟಿ ಮಾಡೋ ಕೆಲಸಕ್ಕೂ ಲೂನ್ ಕೈಹಾಕಿದ್ದರು, ನನಗೆ ಅವರ ಬಗ್ಗೆ ಹೆಚ್ಚು ಇಷ್ಟವಾದದ್ದು ಇದೇ. 1958ರಲ್ಲಿ ಅವರು ತೋರಿಸಿದ ಕ್ವಿಕ್ ಇಂಡೆಕ್ಸ್‌ನಲ್ಲಿ ಲೇಖನದ ಶೀರ್ಷಿಕೆಯ ಪ್ರತಿ ಮುಖ್ಯ ಪದವೂ ಒಂದು ಕೀ. ಅಕಾರಾದಿಯಾಗಿ ಜೋಡಿಸಿ, ಪಕ್ಕದ ಪದಗಳ ಜೊತೆಗೇ ಮಷೀನ್ ಅಚ್ಚು ಹಾಕುತ್ತಿತ್ತು. ಕೆಮಿಕಲ್ ಟೈಟಲ್ಸ್ ಅನ್ನೋ ಪತ್ರಿಕೆ ಈ ವಿಧಾನದಲ್ಲೇ ಬರುತ್ತಿತ್ತು.

1961ರಲ್ಲಿ ನಿವೃತ್ತರಾದ ಲೂನ್ 1964ರಲ್ಲಿ ತೀರಿಕೊಂಡರು. ಪೇಟೆಂಟ್‌ಗಳೇ ಎಪ್ಪತ್ತಕ್ಕೂ ಹೆಚ್ಚು. ನನ್ನ ಪುಸ್ತಕದ ಹ್ಯಾಶಿಂಗ್ ಅಧ್ಯಾಯದಲ್ಲಿ ಅವರ ಹೆಸರು ಹುಡುಕಿದೆ, ಇಲ್ಲ. ಕ್ರೆಡಿಟ್ ಕಾರ್ಡ್ ನಂಬರ್ ಟೈಪ್ ಮಾಡೋವಾಗ ಅಂಕಿ ತಪ್ಪಿದರೆ ಹಿಡಿಯೋ ಲೆಕ್ಕಕ್ಕೆ ಮಾತ್ರ ಲೂನ್ ಆಲ್ಗರಿದಮ್ ಅನ್ನೋ ಹೆಸರಿದೆ.